ಸಿಮ್ಯುಲೇಶನ್ ನೋಡಿದ್ದಾಯಿತು, ಅಳೆದದ್ದಾಯಿತೇ?

ತುಮಕೂರಿನಲ್ಲಿ ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಮತ್ತು ಸಣ್ಣ ವರ್ಕ್‌ಶಾಪ್‌ಗಳ ಮಾಲೀಕರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ

ಇಲ್ಲಿ ಕೂತಿರುವವರಲ್ಲಿ ಕೆಲವರು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್) ಪ್ರೋಗ್ರಾಂ ಬರೆಯುವುದನ್ನು ಈಗ ಕಲಿಯುತ್ತಿರುವವರು. ಉಳಿದವರು ವಸಂತನರಸಾಪುರ, ಅಂತರಸನಹಳ್ಳಿ, ಹಿರೇಹಳ್ಳಿ ಕಡೆ ಮೆಷಿನ್ ಹಾಕಿಕೊಂಡು ದಿನಾ ಜಾಬ್, ಅಂದರೆ ಲೋಹದ ಬಿಡಿಭಾಗ, ಇಳಿಸುತ್ತಿರುವವರು. ಇಬ್ಬರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ. ಪ್ರೋಗ್ರಾಂ ಅನ್ನು ಸಿಮ್ಯುಲೇಶನ್‌ನಲ್ಲಿ ಓಡಿಸುತ್ತೀರಿ. ಪರದೆಯ ಮೇಲೆ ಟೂಲ್ ಓಡಾಡುತ್ತದೆ, ಬ್ಲಾಕ್ ಕರಗುತ್ತಾ ಹೋಗುತ್ತದೆ, ಕೊನೆಗೆ ಡ್ರಾಯಿಂಗ್‌ನಲ್ಲಿದ್ದ ಹಾಗೇ ಕಾಣುವ ಜಾಬ್ ನಿಲ್ಲುತ್ತದೆ. ಎಲ್ಲೂ ಕೆಂಪು ಬಣ್ಣ ಬರಲಿಲ್ಲ, ಎರರ್ ಸೊನ್ನೆ. ಆಮೇಲೆ ಏನು ಮಾಡುತ್ತೀರಿ? ನಾನು ಹೋದ ಬಹಳಷ್ಟು ಕಡೆ ಪ್ರೋಗ್ರಾಂ ಅಲ್ಲಿಂದ ನೇರ ಪೆನ್‌ಡ್ರೈವ್‌ಗೆ, ಪೆನ್‌ಡ್ರೈವ್ ಮೆಷಿನ್‌ಗೆ.

ಕೆಂಪು ಬರಲಿಲ್ಲ ಅಂದರೆ ಏನು ಗೊತ್ತಾಯಿತು ಹೇಳಿ. ಟೂಲ್ ಹಿಡಿದ ಹೋಲ್ಡರ್ ಜಾಬ್ ಹಿಡಿದ ಫಿಕ್ಸ್ಚರ್‌ಗೆ ಬಡಿಯಲಿಲ್ಲ, ರ‍್ಯಾಪಿಡ್‌ನಲ್ಲಿ (ಕತ್ತರಿಸದೆ ವೇಗವಾಗಿ ಸರಿಯುವಾಗ) ಟೂಲ್ ಲೋಹದೊಳಗೆ ನುಗ್ಗಲಿಲ್ಲ, ಆ್ಯಕ್ಸಿಸ್ ಮಿತಿ ದಾಟಲಿಲ್ಲ. ಇಷ್ಟೇ. ಮೆಷಿನ್ ಉಳಿಯಿತು. ಜಾಬ್ ಡ್ರಾಯಿಂಗ್‌ಗೆ ಸರಿ ಇದೆಯೇ ಅನ್ನುವ ಪ್ರಶ್ನೆಯನ್ನು ನೀವು ಸಾಫ್ಟ್‌ವೇರಿಗೆ ಇನ್ನೂ ಕೇಳಿಯೇ ಇಲ್ಲ. ಆ ಪ್ರಶ್ನೆ ಕೇಳುವುದಕ್ಕೆ ಬೇಕಾದ ಸಾಮಾನು ಅದೇ ಮೆನುವಿನಲ್ಲಿ ಇದೆ. ದೂರ ಅಳೆಯುವುದು, ದಪ್ಪ ಅಳೆಯುವುದು, ಸೆಕ್ಷನ್ ಕತ್ತರಿಸಿ ನೋಡುವುದು, ಡಿಸೈನ್ ಮಾಡೆಲ್ ಜೊತೆ ಹೋಲಿಸುವುದು, ಎಷ್ಟು ಲೋಹ ತೆಗೆದಿದೆ ಅಂತ ಲೆಕ್ಕ ಹಾಕುವುದು. ದುಡ್ಡು ಕೊಟ್ಟು ತಂದ ಸಾಫ್ಟ್‌ವೇರಿನ ಅರ್ಧ ಬೆಲೆ ಆ ಮೆನುವಿನಲ್ಲಿ ಇದೆ ಅಂತ ನಾನು ನಂಬುತ್ತೇನೆ. ಇವತ್ತು ಅದನ್ನೇ ಮಾತಾಡೋಣ.

ಹಿಂದಿನ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಂಕಿಗಳಿಂದ ನಡೆಯುವ ಮಿಲ್ಲಿಂಗ್ ಮೆಷಿನನ್ನು ಅಮೆರಿಕದ ಎಂಐಟಿಯಲ್ಲಿ 1952ರಲ್ಲಿ ತೋರಿಸಿದರು. ಅಲ್ಲಿಂದ ಮುಂದೆ ಬಹಳ ಕಾಲ ಪ್ರೋಗ್ರಾಂ ಸರಿ ಇದೆಯೇ ಅಂತ ನೋಡುವುದಕ್ಕೆ ಇದ್ದ ಸಾಮಾನ್ಯ ದಾರಿ: ಮೊದಲು ಮೇಣದಲ್ಲೋ ಫೋಮ್‌ನಲ್ಲೋ ಮರದಲ್ಲೋ ಕತ್ತರಿಸುವುದು. ಕತ್ತರಿಸಿದ್ದನ್ನು ಕೈಯಲ್ಲಿ ಹಿಡಿದು ವರ್ನಿಯರ್ ಹಾಕುತ್ತಿದ್ದರು. ವೆರಿಕಟ್ ಅನ್ನುವ ಸಿಮ್ಯುಲೇಶನ್ ಸಾಫ್ಟ್‌ವೇರು ಮಾಡಿದ ಸಿಜಿಟೆಕ್ ಕಂಪನಿ ಶುರುವಾದದ್ದು 1988ರಲ್ಲಿ. ಮೇಣದ ಜಾಬ್ ಪರದೆಯೊಳಗೆ ಹೋಯಿತು. ಒಂದು ಬೇಸರದ ಸಂಗತಿ ಏನೆಂದರೆ, ಮೇಣದ ಜಾಬ್‌ಗೆ ವರ್ನಿಯರ್ ಹಾಕುತ್ತಿದ್ದ ಅಭ್ಯಾಸ ಅನೇಕ ಕಡೆ ಪರದೆಯೊಳಗೆ ಹೋಗಲಿಲ್ಲ.

ಒಂದು ಜಾಬ್ ತಗೊಳ್ಳೋಣ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಲ್ಯೂಮಿನಿಯಂ ಬ್ರಾಕೆಟ್. ಅಕ್ಕಪಕ್ಕ ಎರಡು ಪಾಕೆಟ್ (ಕೊರೆದ ಗುಳಿ), ನಡುವೆ 3 ಮಿಮೀ ಗೋಡೆ. ಒಂದೊಂದು ಪಾಕೆಟ್ 80ಕ್ಕೆ 50, ಆಳ 30, ಮೂಲೆಯ ರೇಡಿಯಸ್ 8. ಫಿನಿಶಿಂಗ್‌ಗೆ 12 ಮಿಮೀ ಎಂಡ್‌ಮಿಲ್ ಅನ್ನುವ ಕಟರ್, ಟೂಲ್ ನಂಬರ್ 6. ಜಿ41 ಹಾಕಿ ಕಟರ್ ಕಾಂಪೆನ್ಸೇಶನ್ ಕೊಟ್ಟಿದ್ದಾರೆ, ಅಂದರೆ ಟೂಲ್ ಸೆಂಟರನ್ನು ಗೋಡೆಯಿಂದ ಟೂಲ್‌ನ ರೇಡಿಯಸ್‌ನಷ್ಟು ದೂರ ಇಡು ಅನ್ನುವ ಆಜ್ಞೆ. ಆ ರೇಡಿಯಸ್ ಬರೆದಿಟ್ಟ ಖಾನೆಯ ಹೆಸರು ಡಿ. ಟೂಲ್ 6 ಅಂದ ಮೇಲೆ ಡಿ6 ಇರಬೇಕು. ಹಳೇ ಪ್ರೋಗ್ರಾಂನಿಂದ ಸಾಲುಗಳನ್ನು ಎತ್ತಿ ಹಾಕುವಾಗ ಎರಡನೇ ಪಾಕೆಟ್‌ನಲ್ಲಿ ಡಿ5 ಉಳಿದುಬಿಟ್ಟಿದೆ. ಡಿ5ರಲ್ಲಿ ಇರುವುದು 10 ಮಿಮೀ ಕಟರ್‌ನ ರೇಡಿಯಸ್, ಅಂದರೆ 5.000. ಕಂಟ್ರೋಲರ್ ಪಾಪ ಏನು ಮಾಡುತ್ತದೆ, ಹೇಳಿದ ಹಾಗೆ ಟೂಲ್ ಸೆಂಟರನ್ನು ಗೋಡೆಯಿಂದ 5 ಮಿಮೀ ದೂರ ನಿಲ್ಲಿಸುತ್ತದೆ. ಆದರೆ ಸ್ಪಿಂಡಲ್‌ನಲ್ಲಿ ಇರುವ ಟೂಲ್‌ನ ರೇಡಿಯಸ್ 6. ಪಾಕೆಟ್‌ನ ಸುತ್ತಲೂ ಒಂದೊಂದು ಮಿಮೀ ಜಾಸ್ತಿ ತಿನ್ನುತ್ತದೆ. 3 ಮಿಮೀ ಗೋಡೆ 2 ಮಿಮೀ ಆಯಿತು.

ಈಗ ಸಿಮ್ಯುಲೇಶನ್ ಓಡಿಸಿ. ಕೆಂಪು ಎಲ್ಲಿ ಬರಬೇಕು? ಟೂಲ್ ಫೀಡ್‌ನಲ್ಲೇ (ಕತ್ತರಿಸುತ್ತಾ ಸಾಗುವ ವೇಗದಲ್ಲೇ) ಹೋಗುತ್ತಿದೆ, ಲೋಹ ಕತ್ತರಿಸುವ ಜಾಗದಲ್ಲೇ ಕತ್ತರಿಸುತ್ತಿದೆ, ಹೋಲ್ಡರ್ ಮೇಲೆ ದೂರದಲ್ಲಿದೆ. ಯಾವ ಎರರೂ ಇಲ್ಲ. ಪರದೆಯಲ್ಲಿ 2 ಮಿಮೀ ಗೋಡೆಗೂ 3 ಮಿಮೀ ಗೋಡೆಗೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಅದರಲ್ಲೂ ಜೂಮ್ ಮಾಡುತ್ತಾ ತಿರುಗಿಸುತ್ತಾ ಇರುವಾಗ ಖಂಡಿತ ಗೊತ್ತಾಗುವುದಿಲ್ಲ. ದಪ್ಪ ಅಳೆಯುವ ಟೂಲ್ ತೆಗೆದು ಗೋಡೆಯ ಮೇಲೆ ಒಂದು ಕ್ಲಿಕ್ ಮಾಡಿದರೆ 2.000 ಅಂತ ಬರುತ್ತದೆ. ಡ್ರಾಯಿಂಗ್ 3 ಅನ್ನುತ್ತಿದೆ. ಸಿಕ್ಕಿಬಿತ್ತು.

ಇದಕ್ಕಿಂತ ಮುಂದಿನ ಹೆಜ್ಜೆ ನನಗೆ ಬಹಳ ಇಷ್ಟ. ಒಳ್ಳೆಯ ಸಿಮ್ಯುಲೇಶನ್ ಸಾಫ್ಟ್‌ವೇರುಗಳಲ್ಲಿ ಕತ್ತರಿಸಿದ ಪ್ರತಿ ಮೇಲ್ಮೈಗೂ ನೆನಪು ಇರುತ್ತದೆ. ವೆರಿಕಟ್‌ನಲ್ಲಿ ಎಕ್ಸ್-ಕ್ಯಾಲಿಪರ್ ಅಂತ ಕರೆಯುತ್ತಾರೆ. ಗೋಡೆಯ ಮೇಲೆ ಕ್ಲಿಕ್ ಮಾಡಿದರೆ ಅಳತೆ ಹೇಳುವುದರ ಜೊತೆಗೆ, ಈ ಮೇಲ್ಮೈಯನ್ನು ಕತ್ತರಿಸಿದ್ದು ಪ್ರೋಗ್ರಾಂನ ಯಾವ ಸಾಲು, ಆಗ ಇದ್ದ ಟೂಲ್ ಯಾವುದು ಅನ್ನುವುದನ್ನೂ ತೋರಿಸುತ್ತದೆ. ಹತ್ತು ಸಾವಿರ ಸಾಲಿನ ಪ್ರೋಗ್ರಾಂನಲ್ಲಿ ತಪ್ಪು ಹುಡುಕುವುದು ಅಂದರೆ ಏನು ಅಂತ ರಾತ್ರಿ ಪಾಳಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಇಲ್ಲಿ ಗೋಡೆಯೇ ನಿಮ್ಮನ್ನು ಸಾಲಿನ ಹತ್ತಿರ ಕರೆದುಕೊಂಡು ಹೋಗುತ್ತದೆ. ಆ ಸಾಲಿನಿಂದ ಸ್ವಲ್ಪ ಮೇಲೆ ಹೋದರೆ ಜಿ41 ಡಿ5 ಕಾಣುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಒಂದು, ಪ್ರೋಗ್ರಾಂ ತಯಾರಿಸುವ ಕ್ಯಾಮ್ ಸಾಫ್ಟ್‌ವೇರಿನ ಒಳಗೇ ಇರುವ ಸಿಮ್ಯುಲೇಶನ್ ಸಾಮಾನ್ಯವಾಗಿ ಪೋಸ್ಟ್ ಪ್ರೊಸೆಸ್ ಆಗುವ (ಮೆಷಿನ್‌ನ ಭಾಷೆಯಾದ ಜಿ-ಕೋಡ್‌ಗೆ ಬದಲಾಗುವ) ಮುಂಚಿನ ಟೂಲ್‌ಪಾತ್, ಅಂದರೆ ಟೂಲ್ ಓಡುವ ದಾರಿ, ತೋರಿಸುತ್ತದೆ. ಅದು ನಿಮ್ಮ ಜಿ41 ಡಿ5 ಅನ್ನು ಓದುವುದೇ ಇಲ್ಲ. ಅಲ್ಲಿ ಗೋಡೆ ಅಳೆದರೆ 3.000 ಅಂತಲೇ ಬರುತ್ತದೆ, ನೀವು ನೆಮ್ಮದಿಯಾಗಿ ಮಲಗುತ್ತೀರಿ. ಮೆಷಿನ್‌ಗೆ ಹೋಗುವ ಜಿ-ಕೋಡ್ ಫೈಲನ್ನೇ ಓದಿ ಓಡಿಸುವ ಸಿಮ್ಯುಲೇಶನ್‌ನಲ್ಲಿ ಅಳೆಯಬೇಕು. ಎರಡು, ಸಿಮ್ಯುಲೇಶನ್‌ನಲ್ಲಿರುವ ಆಫ್‌ಸೆಟ್ ಟೇಬಲ್ಲೂ (ಡಿಯಂಥ ಅಂಕಿಗಳ ಪಟ್ಟಿ) ಮೆಷಿನ್‌ನಲ್ಲಿರುವ ಆಫ್‌ಸೆಟ್ ಟೇಬಲ್ಲೂ ಒಂದೇ ಆಗಿರಬೇಕು. ಕೆಲವು ಶಾಪ್‌ನಲ್ಲಿ ಡಿ ಜಾಗದಲ್ಲಿ ಟೂಲ್‌ನ ಪೂರ್ತಿ ರೇಡಿಯಸ್ ಹಾಕುತ್ತಾರೆ, ಕೆಲವು ಶಾಪ್‌ನಲ್ಲಿ ಸವೆತ ಮಾತ್ರ ಹಾಕುತ್ತಾರೆ. ಎರಡೂ ಪದ್ಧತಿ ಸರಿಯೇ. ಪ್ರೋಗ್ರಾಮರ್ ಒಂದು ಪದ್ಧತಿಯವನು, ಸೆಟ್ಟರ್ ಇನ್ನೊಂದು ಪದ್ಧತಿಯವನು ಆದಾಗ ಪೂರ್ತಿ ಟೂಲ್ ರೇಡಿಯಸ್‌ನಷ್ಟು ತಪ್ಪು ಬರುತ್ತದೆ. ಇದನ್ನು ಗೋಡೆಗೆ ಅಂಟಿಸುವ ಹಾಳೆಯಲ್ಲಿ ಬರೆದು ಹಾಕಿ, ಬಾಯಿಮಾತಿಗೆ ಬಿಡಬೇಡಿ.

ಇದೇ ಜಾಬ್‌ನಲ್ಲಿ ಇನ್ನೊಂದು ಚಂದದ ಲೆಕ್ಕ ಇದೆ. ಸಾಫ್ಟ್‌ವೇರು ಉಳಿದ ಲೋಹದ ಗಾತ್ರ ಹೇಳುತ್ತದೆ. ಆ ಪಾಕೆಟ್ ಸುತ್ತ ಒಂದು ಮಿಮೀ ಜಾಸ್ತಿ ತಿಂದದ್ದರಿಂದ ಸುಮಾರು ಏಳೂವರೆ ಘನ ಸೆಂಟಿಮೀಟರ್ ಲೋಹ ಹೆಚ್ಚಾಗಿ ಹೋಗಿದೆ. ಅಲ್ಯೂಮಿನಿಯಂ ಸಾಂದ್ರತೆ 2.7. ಅಂದರೆ ಸುಮಾರು 20 ಗ್ರಾಂ. ಡಿಸೈನ್ ಮಾಡೆಲ್‌ನ ತೂಕ ಮತ್ತು ಸಿಮ್ಯುಲೇಶನ್‌ನಿಂದ ಬಂದ ಜಾಬ್‌ನ ತೂಕ ಎರಡನ್ನೂ ಪಕ್ಕಪಕ್ಕ ಬರೆದರೆ ಸಾಕು, 20 ಗ್ರಾಂ ವ್ಯತ್ಯಾಸ ಎದ್ದು ಕಾಣುತ್ತದೆ. ಎಲ್ಲಿ ತಪ್ಪಾಗಿದೆ ಅಂತ ತೂಕ ಹೇಳುವುದಿಲ್ಲ, ತಪ್ಪಾಗಿದೆ ಅಂತ ಹೇಳುತ್ತದೆ. ಆಮೇಲೆ ಕಟ್ ಆದ ನಿಜವಾದ ಜಾಬನ್ನು ತಕ್ಕಡಿಗೆ ಹಾಕಿ ಅದೇ ಅಂಕಿ ಬರುತ್ತದೆಯೇ ನೋಡಬಹುದು. ಇದಕ್ಕೆ ಯಾವ ದುಬಾರಿ ಉಪಕರಣವೂ ಬೇಡ.

ಈಗ ಅಳೆಯುವ ರೀತಿಗೆ ಬರೋಣ. ಎರಡು ಬಿಂದು ಕ್ಲಿಕ್ ಮಾಡಿದರೆ ದೂರ ಬರುತ್ತದೆ, ಸರಿ. ಯಾವ ದೂರ? ನೇರ ದೂರವೇ, ಎಕ್ಸ್ ದಿಕ್ಕಿನಲ್ಲೇ, ಮೇಲ್ಮೈಗೆ ಲಂಬವಾಗಿಯೇ? ಒಂದು ಗೋಡೆ ನೆಟ್ಟಗಿರದೆ 30 ಡಿಗ್ರಿ ಓರೆಯಾಗಿದೆ ಅಂದುಕೊಳ್ಳಿ, ದಪ್ಪ 3 ಮಿಮೀ. ನೆಲಕ್ಕೆ ಸಮಾನಾಂತರವಾಗಿ ಸೆಕ್ಷನ್ ಹಾಕಿ ಅಳೆದರೆ 3.46 ಬರುತ್ತದೆ. 3ನ್ನು ಕಾಸ್ 30ರಿಂದ ಭಾಗಿಸಿ ನೋಡಿ, ಅದೇ ಬರುತ್ತದೆ. ಪ್ರೋಗ್ರಾಂನಲ್ಲಿ ಏನೂ ತಪ್ಪಿಲ್ಲ, ಸೆಕ್ಷನ್ ಹಾಕಿದ ರೀತಿಯಲ್ಲಿ ತಪ್ಪಿದೆ. ವಿದ್ಯಾರ್ಥಿಗಳು ಇದನ್ನು ನೋಡಿ ಅರ್ಧ ಮಿಮೀ ಉಳಿದಿದೆ ಅಂತ ಟೂಲ್‌ಪಾತ್ ಬದಲಿಸಲು ಹೊರಡುತ್ತಾರೆ, ಆಗ ಸರಿ ಇದ್ದ ಗೋಡೆ ನಿಜವಾಗಿಯೂ ಕೆಡುತ್ತದೆ. ವರ್ನಿಯರನ್ನು ಓರೆಯಾಗಿ ಹಿಡಿದರೆ ಏನಾಗುತ್ತದೋ ಪರದೆಯಲ್ಲೂ ಅದೇ ಆಗುತ್ತದೆ. ದಪ್ಪ ಬೇಕಾದರೆ ಮೇಲ್ಮೈಗೆ ಲಂಬವಾಗಿ ಅಳೆಯುವ ಆಯ್ಕೆ ತಗೊಳ್ಳಿ. ಡ್ರಾಯಿಂಗ್‌ನಲ್ಲಿ ಆ ಅಳತೆಯ ಬಾಣ ಯಾವ ದಿಕ್ಕಿಗಿದೆ ಅಂತ ಮೊದಲು ನೋಡಿ, ಆಮೇಲೆ ಕ್ಲಿಕ್ ಮಾಡಿ.

ಮುಂದಿನದು ಬಹಳ ಜನರನ್ನು ದಿಕ್ಕು ತಪ್ಪಿಸುವ ವಿಷಯ. ಪರದೆಯ ಮೇಲೆ ದುಂಡಗೆ ಕಾಣುವ ಬೋರ್ (ಜಾಬ್‌ನಲ್ಲಿ ಕೊರೆದ ರಂಧ್ರ) ನಿಜವಾಗಿ ದುಂಡಗೆ ಇರುವುದಿಲ್ಲ. ಮಾಡೆಲ್‌ನ ಆಕಾರ ಇಡುವ ಎಸ್‌ಟಿಎಲ್ ಫೈಲ್ ಅಂದರೆ ಚಪ್ಪಟೆ ತ್ರಿಕೋನಗಳ ರಾಶಿ. ನಮ್ಮ ಕಡೆ ಹಳೇ ತೋಟದ ಬಾವಿಗಳನ್ನು ನೋಡಿದ್ದೀರಿ. ಮೇಲಿಂದ ಬಗ್ಗಿ ನೋಡಿದರೆ ಬಾವಿ ದುಂಡಗೆ, ಆದರೆ ಕಟ್ಟಿದ ಒಂದೊಂದು ಕಲ್ಲಿನ ಮುಖವೂ ನೆಟ್ಟಗೆ. ಬೋರ್‌ನ ಎಸ್‌ಟಿಎಲ್ ಮಾಡೆಲ್ ಹಾಗೇ ಕಟ್ಟಿದ್ದು. 100 ಮಿಮೀ ಬೋರನ್ನು 36 ಮುಖಗಳಲ್ಲಿ ಕಟ್ಟಿದರೆ, ಒಂದೊಂದು ಮುಖದ ಮಧ್ಯಭಾಗ ನಿಜವಾದ ವೃತ್ತಕ್ಕಿಂತ 0.19 ಮಿಮೀ ಒಳಗೆ ಬಂದಿರುತ್ತದೆ. ಎದುರು ಬದುರು ಮುಖಗಳ ನಡುವೆ ಅಳೆದರೆ 99.62. ಡ್ರಾಯಿಂಗ್‌ನಲ್ಲಿ 100. ಬೋರ್ ಸಣ್ಣದಾಗಿದೆ ಅಂತ ಆಫ್‌ಸೆಟ್ ಬದಲಿಸಿದರೆ ಜಾಬ್ ಸ್ಕ್ರ್ಯಾಪ್.

36ರ ಬದಲು 72 ಮುಖ ಮಾಡಿದರೆ ಈ ತಪ್ಪು ಅರ್ಧ ಆಗುತ್ತದೆ ಅಂತ ಅನ್ನಿಸುತ್ತದೆ, ಆದರೆ ಕಾಲು ಭಾಗಕ್ಕೆ ಇಳಿಯುತ್ತದೆ: 0.048. 360 ಮುಖ ಮಾಡಿದರೆ 0.002ರ ಒಳಗೆ. ಹಾಗಾಗಿ ಡಿಸೈನ್ ಬಿಡಿಸುವ ಕ್ಯಾಡ್‌ನಿಂದ ಎಸ್‌ಟಿಎಲ್ ತೆಗೆಯುವಾಗ ಕಾರ್ಡ್ ಟಾಲರೆನ್ಸ್ (ವೃತ್ತಕ್ಕೂ ಚಪ್ಪಟೆ ಮುಖಕ್ಕೂ ನಡುವೆ ಇರಬಹುದಾದ ಅಂತರ) ಅಂತ ಒಂದು ಅಂಕಿ ಕೇಳುತ್ತದಲ್ಲ, ಅದನ್ನು ಕಣ್ಣು ಮುಚ್ಚಿ ಎಂಟರ್ ಹೊಡೆದು ದಾಟಬೇಡಿ. ನೀವು ಹುಡುಕುತ್ತಿರುವ ತಪ್ಪಿನ ಹತ್ತನೇ ಒಂದು ಭಾಗದಷ್ಟಾದರೂ ನಯವಾಗಿರಲಿ. ಸಿಮ್ಯುಲೇಶನ್ ತಾನು ಕತ್ತರಿಸಿದ ಮಾಡೆಲ್‌ಗೂ ಇಂಥದ್ದೇ ಒಂದು ರೆಸಲ್ಯೂಶನ್ ಇಟ್ಟುಕೊಂಡಿರುತ್ತದೆ. ಮಾಡೆಲ್‌ನ ರೆಸಲ್ಯೂಶನ್ 0.1 ಮಿಮೀ ಇದ್ದಾಗ 20 ಮೈಕ್ರಾನ್ (0.02 ಮಿಮೀ) ಟಾಲರೆನ್ಸ್ ಬಗ್ಗೆ ಅದನ್ನು ಕೇಳುವುದರಲ್ಲಿ ಅರ್ಥವಿಲ್ಲ. ಅಳತೆ 99.6190 ಅಂತ ನಾಲ್ಕು ದಶಾಂಶದಲ್ಲಿ ಬಂದ ಮಾತ್ರಕ್ಕೆ ಅದನ್ನು ಮೈಕ್ರಾನ್ ಮಟ್ಟದಲ್ಲಿ ನಂಬಬಹುದು ಅಂತ ಆಗುವುದಿಲ್ಲ.

ಇನ್ನು ಹೋಲಿಕೆ. ಒಂದೊಂದೇ ಅಳತೆ ತೆಗೆಯುವುದಕ್ಕೆ ತಾಳ್ಮೆ ಬೇಕು, ಅದೂ ನೀವು ಕ್ಲಿಕ್ ಮಾಡಿದ ಜಾಗದ ಬಗ್ಗೆ ಮಾತ್ರ ಹೇಳುತ್ತದೆ. ಅದಕ್ಕೇ ಡಿಸೈನ್ ಮಾಡೆಲನ್ನೂ ಕತ್ತರಿಸಿದ ಮಾಡೆಲನ್ನೂ ಒಂದರ ಮೇಲೊಂದು ಕೂರಿಸಿ ನೋಡುವ ಸೌಲಭ್ಯ ಇದೆ. ವೆರಿಕಟ್‌ನಲ್ಲಿ ಅದರ ಹೆಸರು ಆಟೋ-ಡಿಫ್, ಬೇರೆ ಸಾಫ್ಟ್‌ವೇರಿನಲ್ಲಿ ಬೇರೆ ಹೆಸರು. ಇರಬೇಕಾದ ಜಾಗದಲ್ಲಿ ಲೋಹ ಹೋಗಿದ್ದರೆ ಗೌಜ್, ಹೋಗಬೇಕಾದ ಜಾಗದಲ್ಲಿ ಉಳಿದಿದ್ದರೆ ಎಕ್ಸೆಸ್. ಎರಡಕ್ಕೂ ಬೇರೆ ಬೇರೆ ಬಣ್ಣ. ನಮ್ಮ ಬ್ರಾಕೆಟ್‌ನ ಎರಡನೇ ಪಾಕೆಟ್ ಇಲ್ಲಿ ಸುತ್ತಲೂ ಗೌಜ್ ಬಣ್ಣದಲ್ಲಿ ಹೊಳೆಯುತ್ತಿತ್ತು.

ಎಷ್ಟು ವ್ಯತ್ಯಾಸ ಇದ್ದರೆ ಬಣ್ಣ ಹಚ್ಚಬೇಕು ಅನ್ನುವ ಅಂಕಿ ನಿಮ್ಮ ಕೈಯಲ್ಲಿದೆ. 0.5 ಇಟ್ಟರೆ ಎಲ್ಲವೂ ಹಸಿರು, ತಪ್ಪು ಅದರ ಕೆಳಗೆ ನಿದ್ದೆ ಮಾಡುತ್ತಿರುತ್ತದೆ. 0.001 ಇಟ್ಟರೆ ಆಗಲೇ ಹೇಳಿದ ತ್ರಿಕೋನಗಳ ತಪ್ಪೇ ಜಾಬ್ ತುಂಬಾ ಬಣ್ಣ ಬಳಿದುಬಿಡುತ್ತದೆ, ನಿಜವಾದ ತಪ್ಪು ಆ ಗಲಾಟೆಯಲ್ಲಿ ಕಳೆದುಹೋಗುತ್ತದೆ. ಡ್ರಾಯಿಂಗ್ ಟಾಲರೆನ್ಸ್ ±0.1 ಇದ್ದರೆ ನಾನು ಮೊದಲು 0.1ಕ್ಕೆ ಇಟ್ಟು ಓಡಿಸುತ್ತೇನೆ, ಆಮೇಲೆ 0.05ಕ್ಕೆ. ಎರಡು ಚಿತ್ರಗಳ ನಡುವೆ ಹೊಸದಾಗಿ ಬಣ್ಣ ಬಂದ ಜಾಗಗಳನ್ನು ನೋಡುತ್ತೇನೆ. ಟಾಲರೆನ್ಸ್ ಒಳಗಿದ್ದರೂ ಅಂಚಿಗೆ ಹತ್ತಿರ ಇರುವ ಜಾಗಗಳು ಅವು. ಶಾಪ್ ಫ್ಲೋರ್‌ನಲ್ಲಿ ತೊಂದರೆ ಕೊಡುವುದು ಸಾಮಾನ್ಯವಾಗಿ ಅವೇ.

25 ಎಚ್7 ರಂಧ್ರದ ವಿಷಯ ಇಲ್ಲಿ ಹೇಳಲೇಬೇಕು. 25 ಮಿಮೀ ವ್ಯಾಸಕ್ಕೆ ಎಚ್7 ಟಾಲರೆನ್ಸ್ ಅಂದರೆ 25.000ರಿಂದ 25.021ರವರೆಗೆ. ಕ್ಯಾಡ್ ಮಾಡೆಲ್‌ನಲ್ಲಿ 25.000 ಅಂತ ಬಿಡಿಸಿರುತ್ತಾರೆ. ಬುದ್ಧಿವಂತ ಪ್ರೋಗ್ರಾಮರ್ ನಡುವಿಗೆ 25.010 ಬರುವ ಹಾಗೆ ಬೋರಿಂಗ್ ಮಾಡುತ್ತಾನೆ. ಹೋಲಿಕೆ ಮಾಡಿದಾಗ ಸುತ್ತಲೂ 5 ಮೈಕ್ರಾನ್ ಗೌಜ್ ಅಂತ ಬರಬಹುದು. ಅದು ತಪ್ಪಲ್ಲ, ಒಳ್ಳೆಯ ಕೆಲಸ. ಸಾಫ್ಟ್‌ವೇರಿಗೆ ಡ್ರಾಯಿಂಗ್ ಗೊತ್ತಿಲ್ಲ, ಮಾಡೆಲ್ ಮಾತ್ರ ಗೊತ್ತು. ಮಾಡೆಲ್‌ಗೂ ಡ್ರಾಯಿಂಗ್‌ಗೂ ನಡುವೆ ನಿಲ್ಲುವ ಮನುಷ್ಯ ನೀವು.

ಹೋಲಿಸುವ ಮುಂಚೆ ಎರಡು ಮಾಡೆಲ್‌ಗಳನ್ನು ಹೇಗೆ ಕೂರಿಸಿದಿರಿ ಅನ್ನುವುದು ಇನ್ನೂ ದೊಡ್ಡ ವಿಷಯ. ಬೆಸ್ಟ್ ಫಿಟ್ ಅಂತ ಒಂದು ಬಟನ್ ಇರುತ್ತದೆ. ಒತ್ತಿದರೆ ಸಾಫ್ಟ್‌ವೇರು ಒಂದು ಮಾಡೆಲನ್ನು ಅತ್ತಿತ್ತ ಜರುಗಿಸಿ, ತಿರುಗಿಸಿ, ಒಟ್ಟು ವ್ಯತ್ಯಾಸ ಕಮ್ಮಿ ಆಗುವ ಹಾಗೆ ಕೂರಿಸುತ್ತದೆ. ವರ್ಕ್ ಆಫ್‌ಸೆಟ್ (ಜಾಬ್‌ನ ಸೊನ್ನೆ ಬಿಂದು) 0.3 ಮಿಮೀ ತಪ್ಪಿ ಜಾಬ್‌ನ ಎಲ್ಲ ರಂಧ್ರಗಳೂ ಒಟ್ಟಿಗೆ ಜರುಗಿದ್ದವು ಅಂದುಕೊಳ್ಳಿ. ಬೆಸ್ಟ್ ಫಿಟ್ ಆ ಜರುಗಿದ್ದನ್ನೆಲ್ಲ ವಾಪಸ್ ಜರುಗಿಸಿ ಚಂದ ಕಾಣುವಂತೆ ಮಾಡಿಬಿಡುತ್ತದೆ. ಅಸೆಂಬ್ಲಿಯಲ್ಲಿ ಬೋಲ್ಟ್ ಕೂರದೆ ಹೋದಾಗ ಸತ್ಯ ಹೊರಗೆ ಬರುತ್ತದೆ. ಡ್ರಾಯಿಂಗ್‌ನಲ್ಲಿ ಅಳತೆಗೆ ಆಧಾರವಾಗಿ ಡೇಟಂ ಎ, ಬಿ, ಸಿ ಅಂತ ಯಾವ ಮುಖಗಳನ್ನು ಹೇಳಿದ್ದಾರೋ ಆ ಮುಖಗಳನ್ನೇ ಹಿಡಿದು ಕೂರಿಸಿ. ಸಿಎಂಎಂ ಅನ್ನುವ ಅಳತೆಯ ಯಂತ್ರದಲ್ಲಿ ಜಾಬ್ ಅಳೆಯುವವರೂ ಅದೇ ಡೇಟಂ ಹಿಡಿಯಬೇಕು, ಇಲ್ಲದಿದ್ದರೆ ಸಿಮ್ಯುಲೇಶನ್ ವರದಿಗೂ ಸಿಎಂಎಂ ವರದಿಗೂ ತಾಳೆಯೇ ಆಗುವುದಿಲ್ಲ, ಇನ್‌ಸ್ಪೆಕ್ಷನ್‌ನವರಿಗೂ ಪ್ರೋಗ್ರಾಮಿಂಗ್‌ನವರಿಗೂ ಸಂಜೆಯವರೆಗೆ ವಾದ.

ಮೈಕ್ರಾನ್ ಮಾತು ಬಂದಿದ್ದಕ್ಕೆ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಈ ಊರಿಗೆ ಮೈಕ್ರಾನ್ ಹೊಸದೇನೂ ಅಲ್ಲ. ಎಚ್‌ಎಂಟಿ ವಾಚ್ ಕಾರ್ಖಾನೆ ಇಲ್ಲೇ ಇತ್ತು, ಅಲ್ಲಿ ದುಡಿದವರ ಮನೆಯವರು ಈ ಸಭೆಯಲ್ಲೂ ಇದ್ದಾರೆ. ಕೈಗಡಿಯಾರದ ಬಿಡಿಭಾಗ ಮಾಡುವ ಊರಿನಲ್ಲಿ ಅಳತೆ ಅನ್ನುವುದು ಹೊರಗಿಂದ ಬಂದು ಯಾರೋ ಕಲಿಸಬೇಕಾದ ವಿದ್ಯೆ ಆಗಿರಲಿಲ್ಲ. ಕಾರ್ಖಾನೆ ಮುಚ್ಚಿತು, ಆ ಜಾಗ ಇಸ್ರೋಗೆ ಹೋಯಿತು. ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. ವಸಂತನರಸಾಪುರದಲ್ಲಿ ಮೆಷಿನ್ ಟೂಲ್ ಪಾರ್ಕ್ ಬಂತು. ವಿಮಾನದ ಕೆಲಸ ತಗೊಳ್ಳುವ ಶಾಪ್‌ಗೆ ಜಾಬ್ ಜೊತೆಗೆ ಅಳತೆಯ ದಾಖಲೆಯೂ ಕೊಡಬೇಕಾಗುತ್ತದೆ. ನಮ್ಮ ಹುಡುಗರು, ಹುಡುಗಿಯರು ಆ ಕೆಲಸಕ್ಕೆ ತಯಾರಾಗಬೇಕು ಅನ್ನುವುದು ನನ್ನ ಆಸೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ಸಿಮ್ಯುಲೇಶನ್‌ಗೆ ಗೊತ್ತಿಲ್ಲದ ವಿಷಯಗಳು. ಮೊದಲನೆಯದು ಬಿಸಿ. ಉದ್ದದ ಅಳತೆಗೆಲ್ಲ 20 ಡಿಗ್ರಿ ಸೆಲ್ಸಿಯಸ್ ಆಧಾರ ಅಂತ 1931ರಲ್ಲಿ ಅಂತರರಾಷ್ಟ್ರೀಯ ತೂಕ ಮತ್ತು ಅಳತೆ ಸಮಿತಿ ಒಪ್ಪಿತು, 1951ರಲ್ಲಿ ಅದು ಐಎಸ್‌ಒನ ಮೊದಲನೇ ನಂಬರಿನ ದಾಖಲೆಯಾಯಿತು. ಪರದೆಯೊಳಗಿನ ಜಾಬ್‌ಗೆ ಬಿಸಿಯೂ ಇಲ್ಲ, ತಣುಪೂ ಇಲ್ಲ. ನಿಮ್ಮ ಶೆಡ್‌ನಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ 35 ಡಿಗ್ರಿ ಇದೆ. ಅಲ್ಯೂಮಿನಿಯಂ ಒಂದು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. 300 ಮಿಮೀ ಉದ್ದದ ಜಾಬ್, 15 ಡಿಗ್ರಿ ವ್ಯತ್ಯಾಸ: ನೂರು ಮೈಕ್ರಾನ್‌ಗೂ ಸ್ವಲ್ಪ ಮೇಲೆ, ಅಂದರೆ 0.1 ಮಿಮೀ. ಉಕ್ಕಿನ ವರ್ನಿಯರ್‌ನಿಂದ ಅಳೆದರೆ ವರ್ನಿಯರೂ ಹಿಗ್ಗಿರುತ್ತದೆ, ಆದರೆ ಉಕ್ಕು ಹಿಗ್ಗುವುದು ಸುಮಾರು ಅರ್ಧದಷ್ಟು. ಆದ್ದರಿಂದ ಓದುವಾಗ 50 ಮೈಕ್ರಾನ್ ಆಸುಪಾಸು ವ್ಯತ್ಯಾಸ ಉಳಿದೇ ಉಳಿಯುತ್ತದೆ. ಸಿಮ್ಯುಲೇಶನ್‌ನಲ್ಲಿ 300.00, ಶೆಡ್‌ನಲ್ಲಿ 300.05, ಏಸಿ ರೂಮಿನ ಸಿಎಂಎಂನಲ್ಲಿ ಜಾಬ್ ತಣ್ಣಗಾದ ಮೇಲೆ ಮತ್ತೆ 300.00. ಮೂವರೂ ಸರಿ ಹೇಳುತ್ತಿದ್ದಾರೆ.

ಎರಡನೆಯದು ಟೂಲ್ ಬಾಗುವುದು. ಪರದೆಯ ಟೂಲ್ ವಜ್ರದ ಕಂಬ, ಬಾಗುವುದೇ ಇಲ್ಲ. ನಿಜವಾದ ಎಂಡ್‌ಮಿಲ್ ಹೋಲ್ಡರ್‌ನಿಂದ ಎಷ್ಟು ಹೊರಗೆ ಬಂದಿದೆ ಅನ್ನುವುದರ ಘನಕ್ಕೆ ತಕ್ಕ ಹಾಗೆ ಬಾಗುತ್ತದೆ. 60 ಮಿಮೀ ಹೊರಗಿದ್ದದ್ದನ್ನು 75 ಮಾಡಿದಿರಿ ಅಂದರೆ ಉದ್ದ ಕಾಲುಭಾಗ ಜಾಸ್ತಿ ಆಯಿತು, ಬಾಗುವುದು ಹತ್ತಿರ ಹತ್ತಿರ ಎರಡರಷ್ಟು. 12 ಮಿಮೀ ಟೂಲ್ ಬದಲು 10 ಹಾಕಿದರೂ ಅಷ್ಟೇ, ಎರಡರಷ್ಟಕ್ಕಿಂತ ಸ್ವಲ್ಪ ಹೆಚ್ಚೇ ಬಾಗುತ್ತದೆ. ಆಳದ ಪಾಕೆಟ್‌ನ ಗೋಡೆ ಮೇಲೆ 3.00, ಕೆಳಗೆ 3.06 ಬರುವುದು ಇದರಿಂದ. ಇಲ್ಲಿ ಸಿಮ್ಯುಲೇಶನ್‌ನ ಅಳತೆಯನ್ನು ಬೈಯಬೇಡಿ, ಅದನ್ನು ಉಪಯೋಗಿಸಿಕೊಳ್ಳಿ. ಪರದೆಯಲ್ಲಿ ಮೇಲೂ ಕೆಳಗೂ 3.000 ಇದೆ ಅಂತ ಖಚಿತವಾಗಿದ್ದರೆ, ಜಾಬ್‌ನಲ್ಲಿ ಬಂದ 0.06 ಪ್ರೋಗ್ರಾಂನಿಂದ ಬಂದದ್ದಲ್ಲ ಅಂತ ಗೊತ್ತಾಯಿತು. ಹುಡುಕಬೇಕಾದ ಜಾಗ ಅರ್ಧಕ್ಕೆ ಇಳಿಯಿತು. ಇನ್ನು ಕ್ಲ್ಯಾಂಪ್ ಬಿಗಿತ, ವೈಸ್‌ನಲ್ಲಿ ತೆಳು ಜಾಬ್ ಮಣಿಯುವುದು, ಬಿಚ್ಚಿದ ಮೇಲೆ ವಾಪಸ್ ಚಿಮ್ಮುವುದು, ಇವೆಲ್ಲ ಅದೇ ಸಾಲಿಗೆ ಸೇರಿದವು.

ತುದಿ ದುಂಡಗಿರುವ ಬಾಲ್‌ನೋಸ್ ಟೂಲ್ ಬಿಟ್ಟು ಹೋಗುವ ಗೀರುಗಳನ್ನಂತೂ ಸಿಮ್ಯುಲೇಶನ್ ಚೆನ್ನಾಗಿ ಅಳೆಯುತ್ತದೆ. 10 ಮಿಮೀ ಬಾಲ್, ಅರ್ಧ ಮಿಮೀ ಸ್ಟೆಪ್‌ಓವರ್ (ಒಂದು ಪಾಸ್‌ನಿಂದ ಮುಂದಿನ ಪಾಸ್‌ಗೆ ಇರುವ ಅಂತರ): ಎರಡು ಪಾಸ್ ನಡುವೆ ಉಳಿಯುವ ಏಣು ಸುಮಾರು 6 ಮೈಕ್ರಾನ್. ಸ್ಟೆಪ್‌ಓವರ್ ಒಂದು ಮಿಮೀ ಮಾಡಿದರೆ 25 ಮೈಕ್ರಾನ್. ಸ್ಟೆಪ್ ಎರಡರಷ್ಟು, ಏಣು ನಾಲ್ಕರಷ್ಟು, ಮೆಷಿನ್ ಸಮಯ ಅರ್ಧ. ಗಿರಾಕಿಗೆ ಎಷ್ಟು ಫಿನಿಶ್ ಬೇಕೋ ಅಷ್ಟಕ್ಕೆ ನಿಲ್ಲಿಸಿದರೆ ಉಳಿಯುವುದು ನಿಮ್ಮ ಕರೆಂಟ್ ಬಿಲ್ಲು. ಓರೆ ಮೇಲ್ಮೈಯಲ್ಲಿ ಇದೇ ಏಣು ಬದಲಾಗುತ್ತದೆ, ಅದಕ್ಕೇ ಸೂತ್ರದ ಜೊತೆ ಪರದೆಯಲ್ಲೂ ಅಳೆದು ನೋಡಿ.

ವಿಶ್ಲೇಷಣೆ ಅಂದಾಗ ಗ್ರಾಫ್‌ಗಳ ಬಗ್ಗೆಯೂ ಎರಡು ಮಾತು. ನಿಮಿಷಕ್ಕೆ ಎಷ್ಟು ಲೋಹ ತೆಗೆಯುತ್ತಿದೆ ಅನ್ನುವ ಗ್ರಾಫ್ ತೆಗೆದು ನೋಡಿ. 12 ಮಿಮೀ ಟೂಲ್ ಅರ್ಧ ಅಗಲ ಹಿಡಿದು, 2 ಮಿಮೀ ಆಳದಲ್ಲಿ, ನಿಮಿಷಕ್ಕೆ 1200 ಮಿಮೀ ಫೀಡ್‌ನಲ್ಲಿ ಹೋದರೆ ನಿಮಿಷಕ್ಕೆ 14.4 ಸಿಸಿ. ನೇರ ಸಾಲಿನಲ್ಲಿ ಗ್ರಾಫ್ ಚಪ್ಪಟೆ. ಪಾಕೆಟ್‌ನ ಮೂಲೆಗೆ ಬಂದ ಕೂಡಲೇ ಮುಳ್ಳಿನ ಹಾಗೆ ಏಳುತ್ತದೆ. ನೇರ ಸಾಲಿನಲ್ಲಿ ಟೂಲ್‌ನ ಸುತ್ತಳತೆಯಲ್ಲಿ 90 ಡಿಗ್ರಿ ಲೋಹಕ್ಕೆ ತಾಗಿದ್ದರೆ, ಚೂಪಾದ ಒಳಮೂಲೆಯಲ್ಲಿ 180 ಡಿಗ್ರಿ ತಾಗುತ್ತದೆ. ಟೂಲ್ ಮುರಿದಾಗಲೆಲ್ಲ ಮೆಟೀರಿಯಲ್ ಗಟ್ಟಿ ಇತ್ತು ಅನ್ನುವ ಮಾತು ಕೇಳುತ್ತೇವೆ. ಮುರಿದ ಜಾಗ ಮೂಲೆಯೇ ಆಗಿದ್ದರೆ ಗ್ರಾಫ್ ಆ ಸಾಲಿನ ನಂಬರ್ ಸಮೇತ ಕಾರಣ ಹೇಳುತ್ತದೆ. ಆ ಸಾಲಿಗೆ ಮಾತ್ರ ಫೀಡ್ ಕಮ್ಮಿ ಮಾಡಿ, ಇಡೀ ಪ್ರೋಗ್ರಾಂಗೆ ಮಾಡಬೇಡಿ.

ಸೈಕಲ್ ಟೈಮ್ ವಿಷಯದಲ್ಲಿ ಸಿಮ್ಯುಲೇಶನ್ ಹೇಳಿದ್ದನ್ನು ಕೊಟೇಶನ್‌ಗೆ ನೇರ ಹಾಕಬೇಡಿ. ಮೌಲ್ಡ್ ಕೆಲಸದಲ್ಲಿ 0.1 ಮಿಮೀ ಉದ್ದದ ಚಿಕ್ಕ ಚಿಕ್ಕ ಸಾಲುಗಳಿರುತ್ತವೆ. ಫೀಡ್ 3000 ಅಂದರೆ ಸೆಕೆಂಡಿಗೆ 50 ಮಿಮೀ, ಅಂದರೆ ಕಂಟ್ರೋಲರ್ ಸೆಕೆಂಡಿಗೆ 500 ಸಾಲು ಓದಬೇಕು. ಅದಕ್ಕೆ 250 ಮಾತ್ರ ಓದಲು ಆದರೆ ನಿಜವಾದ ಫೀಡ್ 1500. ಪರದೆಯಲ್ಲಿ ಒಂದು ಗಂಟೆಯ ಜಾಬ್, ಮೆಷಿನ್ ಮೇಲೆ ಎರಡು ಗಂಟೆ. ನಿಮ್ಮ ಮೆಷಿನ್ ಮೇಲೆ ನಾಲ್ಕಾರು ಜಾಬ್‌ಗಳ ನಿಜ ಸಮಯ ಬರೆದಿಟ್ಟು, ಸಿಮ್ಯುಲೇಶನ್ ಸಮಯದ ಪಕ್ಕ ಇಡಿ. ಟೂಲ್ ಚೇಂಜ್ ಸಮಯ, ಆ್ಯಕ್ಸಿಸ್‌ನ ವೇಗೋತ್ಕರ್ಷ, ಇವನ್ನು ಸಾಫ್ಟ್‌ವೇರಿನ ಮೆಷಿನ್ ಫೈಲ್‌ನಲ್ಲಿ ತಿದ್ದಲು ಜಾಗ ಇರುತ್ತದೆ. ಒಮ್ಮೆ ತಿದ್ದಿಟ್ಟರೆ ಮುಂದಿನ ಕೊಟೇಶನ್‌ಗಳು ನಷ್ಟಕ್ಕೆ ಹೋಗುವುದಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಎಲ್ಲರಿಗೂ ಬೇಕಾದದ್ದು: ಇಷ್ಟು ದುಬಾರಿ ಸಾಫ್ಟ್‌ವೇರು ನಮ್ಮ ಹತ್ತಿರ ಇಲ್ಲ, ನಾವು ಎಲ್ಲಿ ಕಲಿಯುವುದು ಸರ್?

ದುಡ್ಡಿಲ್ಲದೆ ಕಲಿಯಬಹುದಮ್ಮ. ಫ್ರೀಕ್ಯಾಡ್ ಉಚಿತ, ಮಾಡೆಲ್ ಅದರಲ್ಲಿ ಮಾಡು. ಜಿ-ಕೋಡ್ ಓಡಿಸುವುದಕ್ಕೆ ಕ್ಯಾಮೋಟಿಕ್ಸ್ ಅಂತ ಇದೆ, ಅದೂ ಉಚಿತ, ಮೂರು ಆ್ಯಕ್ಸಿಸ್ ಕೆಲಸಕ್ಕೆ ಸಾಕು. ಕತ್ತರಿಸಿದ ಮಾಡೆಲನ್ನು ಅದರಿಂದ ಎಸ್‌ಟಿಎಲ್ ಆಗಿ ಹೊರಗೆ ತೆಗೆಯಬಹುದು. ಹೋಲಿಕೆಗೆ ಕ್ಲೌಡ್‌ಕಂಪೇರ್. ಫ್ರಾನ್ಸಿನ ವಿದ್ಯುತ್ ಕಂಪನಿ ಇಡಿಎಫ್‌ನ ಸಂಶೋಧನಾ ವಿಭಾಗದಲ್ಲಿ ಹುಟ್ಟಿದ ಸಾಫ್ಟ್‌ವೇರು ಅದು, ಎರಡು ಮಾಡೆಲ್‌ಗಳ ನಡುವಿನ ದೂರವನ್ನು ಬಣ್ಣದಲ್ಲಿ ತೋರಿಸುತ್ತದೆ. ಮೊದಲ ಅಭ್ಯಾಸಕ್ಕೆ 100ಕ್ಕೆ 60ರ ಒಂದು ಬ್ಲಾಕ್ ತಗೋ, ಅದರಲ್ಲಿ ಒಂದೇ ಪಾಕೆಟ್. ಪ್ರೋಗ್ರಾಂ ಸರಿ ಬರೆದು ಒಂದು ಸಲ ಓಡಿಸು. ಆಮೇಲೆ ಬೇಕೆಂದೇ ಒಂದು ಗೋಡೆಯ ಸಾಲಿನಲ್ಲಿ 0.2 ಬದಲಿಸಿ ಇನ್ನೊಂದು ಸಲ ಓಡಿಸು. ಎರಡನ್ನೂ ಹೋಲಿಸಿ, ಆ 0.2 ಎಷ್ಟು ಅಂತ ಸಾಫ್ಟ್‌ವೇರು ಹೇಳುತ್ತದೆ ನೋಡು. 0.17 ಅಂದರೆ ರೆಸಲ್ಯೂಶನ್ ಹೆಚ್ಚಿಸಿ ಮತ್ತೆ ನೋಡು. ಒಂದು ಮಾತು ನೆನಪಿಟ್ಟುಕೋ: ಎಸ್‌ಟಿಎಲ್ ಫೈಲ್‌ನಲ್ಲಿ ಮಿಮೀ, ಇಂಚು ಅಂತ ಬರೆದಿರುವುದಿಲ್ಲ, ಬರೀ ಅಂಕಿ ಇರುತ್ತದೆ. ಇಂಚಿನಲ್ಲಿ ಬರೆದದ್ದನ್ನು ಮಿಮೀ ಅಂತ ಓದಿದರೆ ಜಾಬ್ 25.4 ಪಟ್ಟು ಚಿಕ್ಕದಾಗಿ ಎಲ್ಲೋ ಮೂಲೆಯಲ್ಲಿ ಕೂತಿರುತ್ತದೆ. ಅದಕ್ಕೆ ಫೈಲ್ ತೆರೆದ ಕೂಡಲೇ ಮಾಡಬೇಕಾದ ಮೊದಲ ಕೆಲಸ, ಬ್ಲಾಕ್‌ನ ಉದ್ದ ಅಳೆಯುವುದು. 100 ಬಂತಾ ನೋಡು, ಬಂದ ಮೇಲೆ ಪಾಕೆಟ್‌ಗೆ ಹೋಗು.